ಮೈಮೇಲಿನ ಯಂತ್ರವೂ ಮಗ್ಗುಲಿನ ಕೈಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಮರಿಯಮ್ಮನಹಳ್ಳಿಯಲ್ಲಿ ಕೂಡಿದ ಸದ್ಭಕ್ತರ ಸಭೆಯಲ್ಲಿ ಮಠದ ಪಂಡಿತರು ಮಾಡಿದ ಉಪನ್ಯಾಸ)



ಮಹೋತ್ಸವದ ವ್ಯವಸ್ಥಾಪಕರು ನನಗೆ ನೇಮಿಸಿಕೊಟ್ಟ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರಿಗೆ ಸೋಜಿಗವಾಗಿರಬಹುದು. ರೋಗಿಯ ಮೈಮೇಲೆ ಧರಿಸುವ ಯಂತ್ರಗಳ ಮೂಲಕ ಅವನ ನಾಡಿ, ಉಸಿರು, ಮೈಕಾವು ಮೊದಲಾದ ಜೀವಲಕ್ಷಣಗಳನ್ನು ದೂರದಿಂದಲೇ ಅರಿಯುವ ಬಗೆಯನ್ನು ಕುರಿತು ಮಾತನಾಡಬೇಕೆಂದು ಅಪ್ಪಣೆಯಾಯಿತು. ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಉರುಹೊಡೆದು ಬೆಳೆದ ನನ್ನಂಥವನಿಗೆ ಈ ವಿಷಯದಲ್ಲಿ ಏನಧಿಕಾರವೆಂದು ನಾನೂ ಕೇಳಿಕೊಂಡೆನು. ಆದರೆ ಈ ಯಂತ್ರಗಳು ಈಗ ಪಟ್ಟಣದ ವೈದ್ಯರ ಕೊಠಡಿಯಲ್ಲಿ ಮಾತ್ರ ಇರುವ ವಸ್ತುಗಳಲ್ಲ. ನಮ್ಮ ಓಣಿಗಳಲ್ಲಿಯೇ ಮುದುಕರ ಮುಂಗೈಗಳ ಮೇಲೆ ಕುಳಿತಿವೆ. ನನ್ನ ಸ್ವಂತ ಮನೆತನದಲ್ಲಿಯೂ ಅಂಥದೊಂದು ಬಂದು, ಒಂದು ರಾತ್ರಿ ನಮಗೆ ದೊಡ್ಡ ಪಾಠವನ್ನು ಕಲಿಸಿತು. ಆ ಪಾಠದ ಬಲದಿಂದಲೇ ನಾನು ಈ ದಿನ ತಮ್ಮ ಮುಂದೆ ನಿಂತಿದ್ದೇನೆ. ತಪ್ಪಿದ್ದಲ್ಲಿ ತಿಳಿದವರು ತಿದ್ದತಕ್ಕದ್ದು.

ಮೊದಲು ನಮ್ಮ ಹಿರಿಯರ ಕ್ರಮವನ್ನು ನೆನೆಯೋಣ. ಶಾರ್ಙ್ಗಧರ ಸಂಹಿತೆಯಲ್ಲಿ ನಾಡೀಪರೀಕ್ಷೆಯ ವಿಧಾನವು ಹೇಳಲ್ಪಟ್ಟಿದೆ. ವಾತವು ಕೆರಳಿದಾಗ ನಾಡಿಯು ಹಾವಿನಂತೆ ಹರಿಯುವುದೆಂದೂ, ಪಿತ್ತವು ಕೆರಳಿದಾಗ ಕಪ್ಪೆಯಂತೆ ಕುಪ್ಪಳಿಸುವುದೆಂದೂ, ಕಫವು ಹೆಚ್ಚಿದಾಗ ಹಂಸದಂತೆ ಮಂದವಾಗಿ ನಡೆಯುವುದೆಂದೂ ಪಂಡಿತರು ಗುರುತಿಸುತ್ತಿದ್ದರು. ಈ ಲಕ್ಷಣಗಳಲ್ಲಿ ಎಷ್ಟು ನಿಲ್ಲುವುವು, ಎಷ್ಟು ನಿಲ್ಲಲಾರವು ಎಂಬ ಚರ್ಚೆಯು ಇಲ್ಲಿ ಬೇಡ. ವೈದ್ಯನು ರೋಗಿಯ ಮಗ್ಗುಲಲ್ಲಿ ಕುಳಿತು, ಕೈಯನ್ನು ಹಿಡಿದು, ಮುಖವನ್ನು ನೋಡಿ ತಿಳಿಯುತ್ತಿದ್ದನೆಂಬುದನ್ನು ಮಾತ್ರ ನೆನಪಿಡೋಣ. ಅಳೆದ ಕೈಯೇ ಔಷಧವನ್ನೂ ಅರೆದು ಕೊಡುತ್ತಿತ್ತು. ಇದು ಆ ಕ್ರಮದ ಗುಣ. ಅದರ ಕೊರತೆಯೂ ಉಂಟು. ವೈದ್ಯನು ಹೊತ್ತು ಮುಳುಗಿದ ಮೇಲೆ ತನ್ನ ಮನೆಗೆ ಹೋಗುವನು. ರೋಗವು ರಾತ್ರಿಯಲ್ಲಿ ಉಲ್ಬಣಿಸಿದರೆ ಅದನ್ನು ಕಾಣುವವರು ಯಾರೂ ಇಲ್ಲ. ಎಷ್ಟೋ ಮನೆಗಳಲ್ಲಿ ಬೆಳಗಾದ ಮೇಲೆಯೇ ಸಂಗತಿಯು ತಿಳಿಯುತ್ತಿತ್ತು. ಈ ಕಾಣದ ರಾತ್ರಿಯನ್ನು ಕಾಯುವುದಕ್ಕಾಗಿಯೇ ಈ ಯಂತ್ರಗಳೆಲ್ಲ ಹುಟ್ಟಿದುವು ಎನ್ನಬಹುದು.

ಅವು ಒಮ್ಮೆಲೇ ಹುಟ್ಟಿದುವಲ್ಲ. ಹಾಲೆಂಡ್ ದೇಶದ ಲೇಡನ್ ನಗರದಲ್ಲಿ ಐಂಟ್‌ಹೋವನ್ ಎಂಬ ವಿದ್ವಾಂಸನು ಹೃದಯದ ಬಡಿತದಿಂದೇಳುವ ಸೂಕ್ಷ್ಮ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ಮಾಡಿದನು. ಅದೇ ನಾವು ಇ.ಸಿ.ಜಿ. ಎಂದು ಕರೆಯುವುದು. ಆ ಯಂತ್ರವು ಬಹು ಭಾರವಾಗಿತ್ತಾದ್ದರಿಂದ ಅದನ್ನು ಆಸ್ಪತ್ರೆಗೆ ಒಯ್ಯುವುದು ಶಕ್ಯವಿರಲಿಲ್ಲ. ಆದಕಾರಣ ಅವನು 1905ರಲ್ಲಿ ಸುಮಾರು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸುದ್ದಿಯನ್ನು ಟೆಲಿಫೋನಿನ ತಂತಿಯ ಮೂಲಕ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡನು. ರೋಗಿಯನ್ನು ದೂರದಿಂದ ನೋಡುವ ವಿದ್ಯೆಗೆ ಇದನ್ನೇ ನಾಂದಿಯೆನ್ನಬೇಕು. ಮುಂದೆ 1940ರ ದಶಕದ ಕೊನೆಯಲ್ಲಿ ಅಮೆರಿಕೆಯ ನಾರ್ಮನ್ ಹೋಲ್ಟರ್ ಎಂಬಾತನು ನಡೆದಾಡುವ ಮನುಷ್ಯನ ಹೃದಯದ ಗೆರೆಯನ್ನು ರೇಡಿಯೋ ಅಲೆಗಳ ಮೂಲಕ ಕಳುಹಿಸುವ ಯಂತ್ರವನ್ನು ಕಟ್ಟಿದನು. ಅದನ್ನು ಬೆನ್ನಿಗೆ ಹೊರಬೇಕಾಗಿತ್ತು. ಅದರ ತೂಕವು ಸುಮಾರು 38 ಕಿಲೋಗ್ರಾಂ! ಆರೋಗ್ಯವಂತನೇ ಏದುಸಿರು ಬಿಡುವಂಥ ಹೊರೆಯದು. ಈಗ ಅದೇ ಕೆಲಸವು ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಬಿಲ್ಲೆಯಿಂದ ನಡೆಯುತ್ತಿದೆ.

2020-21ರ ಮಹಾಮಾರಿಯ ಕಾಲದಲ್ಲಿ ನಾವೆಲ್ಲರೂ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರನ್ನು ತಾವು ಮರೆತಿರಲಾರಿರಿ. ಅದರ ತತ್ತ್ವವನ್ನು 1970ರ ದಶಕದ ಮೊದಲಲ್ಲಿ ಜಪಾನಿನ ತಕುವೊ ಅವೊಯಾಗಿ ಎಂಬ ಶಿಲ್ಪಿಯು ಕಂಡುಹಿಡಿದನು. ರಕ್ತದಲ್ಲಿ ಪ್ರಾಣವಾಯು ತುಂಬಿದ್ದಾಗ ಅದು ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಕಣ್ಣಿಗೆ ಕಾಣದ ಅತಿಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಪ್ರಾಣವಾಯು ತಗ್ಗಿದಾಗ ಇದು ತಿರುಗುಮುರುಗಾಗುತ್ತದೆ. ಎರಡೂ ಬೆಳಕುಗಳನ್ನು ಬೆರಳಿನ ಮೂಲಕ ಹಾಯಿಸಿ, ನಾಡಿಯೊಡನೆ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಹೃದಯದಿಂದ ಬರುವ ಶುದ್ಧರಕ್ತದ ಸ್ಥಿತಿಯು ತಿಳಿಯುವುದು. ಕೈಗಡಿಯಾರದಂತಿರುವ ಪಟ್ಟಿಗಳ ತಳದಲ್ಲಿ ಮಿನುಗುವ ಹಸಿರು ಬೆಳಕಿನ ಕೆಲಸವೂ ಇದೇ ಜಾತಿಯದು. ಪ್ರತಿ ಬಡಿತಕ್ಕೂ ತೊಗಲಿನಡಿಯಲ್ಲಿ ರಕ್ತವು ಉಕ್ಕಿ ಇಳಿಯುವುದನ್ನು ಅದು ಎಣಿಸಿ, ಮೊಬೈಲಿನ ಮೂಲಕ ಬೇಕಾದ ಊರಿಗೆ ಸುದ್ದಿಯನ್ನು ಮುಟ್ಟಿಸುತ್ತದೆ.

ನಮ್ಮ ಕರ್ನಾಟಕವು ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲವೆಂಬುದು ಸಂತೋಷದ ಸಂಗತಿ. 2002ರಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಯೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲ್ಪಟ್ಟುವು. ಕಾಡಂಚಿನ ರೋಗಿಯ ಹೃದಯವನ್ನು ರಾಜಧಾನಿಯ ತಜ್ಞರು ಅಲ್ಲಿಂದಲೇ ನೋಡುವಂತಾಯಿತು. ಮುಂದೆ ರಾಜ್ಯ ಸರ್ಕಾರವು ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಹೂಡಿತು. ಎದೆನೋವೆಂದು ಬಂದವನ ಇ.ಸಿ.ಜಿ.ಯನ್ನು ತಾಲ್ಲೂಕಿನ ಆಸ್ಪತ್ರೆಯಲ್ಲಿ ತೆಗೆಯುವರು. ಅದನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ ಕೂಡಲೇ ಕಳುಹಿಸಿ ಓದಿಸುವರು. ರಕ್ತನಾಳವು ಹೆಪ್ಪುಗಟ್ಟಿದೆಯೆಂದು ಕಂಡರೆ ಹೆಪ್ಪನ್ನು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ತಾಲ್ಲೂಕಿನಲ್ಲಿಯೇ ಉಚಿತವಾಗಿ ಕೊಡುವರು. ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ನೋಡುವ ಕಣ್ಣು ದೂರದಲ್ಲಿದ್ದರೂ ಚುಚ್ಚುವ ಕೈಯು ರೋಗಿಯ ಮಗ್ಗುಲಲ್ಲಿಯೇ ಇದೆ.

ಇದಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದದ್ದು ಹಸುಗೂಸುಗಳ ಸಂಗತಿ. ಹುಟ್ಟಿದ ಶಿಶುವಿನ ಮೈಕಾವು 36.5 ಡಿಗ್ರಿಗಿಂತ ಕೆಳಗಿಳಿದರೆ ಅದಕ್ಕೆ ಅಪಾಯ. ತೂಕ ಕಡಿಮೆಯಿರುವ ಕೂಸಿಗಂತೂ ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಕಾವು ಬೇಗ ಸೋರಿಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯವರೂ ಕೂಡಿ, ಕೂಸಿನ ಮೈಗೆ ಕಟ್ಟಿ ಕಾವನ್ನು ಅಳೆದು ತಂತಿಯಿಲ್ಲದೆ ದೂರಕ್ಕೆ ತಿಳಿಸುವ ಸಣ್ಣ ಯಂತ್ರವನ್ನು ಹಿಂದಿನ ದಶಕದಲ್ಲಿ ರಚಿಸಿ ಪರೀಕ್ಷಿಸಿದರು. ಅದೇ ದಶಕದಲ್ಲಿ ಬೆಂಗಳೂರಿನ ಬೆಂಪು ಎಂಬ ಸಂಸ್ಥೆಯು ಕೂಸಿನ ಮುಂಗೈಗೆ ತೊಡಿಸುವ ಒಂದು ಬಳೆಯನ್ನು ಸಿದ್ಧಪಡಿಸಿತು. ಕಾವು ಸರಿಯಿರುವತನಕ ಅದರಲ್ಲಿ ನೀಲಿ ಬೆಳಕು ಮಿನುಗುತ್ತಿರುವುದು. ಮೈ ತಣ್ಣಗಾದರೆ ಬೆಳಕಿನ ಬಣ್ಣವು ಬದಲಾಗಿ ಬಳೆಯು ಕೂಗಿಕೊಳ್ಳುವುದು. ಓದುಬರಹ ಬಾರದ ತಾಯಿಗೂ ಇದು ತಿಳಿಯುವಂಥದು.

ಬಳೆಯು ಕೂಗಿದಾಗ ತಾಯಿಯು ಮಾಡಬೇಕಾದುದೇನು? ಕೂಸನ್ನು ಎದೆಗೆ ಬರಿಮೈಯಾಗಿ ಒತ್ತಿಕೊಂಡು ಮೇಲೆ ಹೊದಿಕೆಯನ್ನು ಹೊದೆಯಬೇಕು. ಇದು 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ, ಕಾವುಪೆಟ್ಟಿಗೆಗಳು ಸಾಲದ ಆಸ್ಪತ್ರೆಯೊಂದರಲ್ಲಿ ಮೊದಲಾದ ಪದ್ಧತಿ. ಇದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. ನಮ್ಮ ತುಂಗಭದ್ರಾ ಜಲಾಶಯದ ಆಚೆಯ ದಡದಲ್ಲಿರುವ ಕೊಪ್ಪಳ ಜಿಲ್ಲೆಯಲ್ಲಿಯೇ ಸೇಂಟ್ ಜಾನ್ಸ್ ಸಂಶೋಧಕರು ಸರ್ಕಾರಿ ಆಸ್ಪತ್ರೆಗಳ ದಾದಿಯರನ್ನೂ ಆಶಾ ಕಾರ್ಯಕರ್ತೆಯರನ್ನೂ ಜೊತೆಗೂಡಿಸಿಕೊಂಡು, 2,000 ಗ್ರಾಂಗಿಂತ ಕಡಿಮೆ ತೂಕದ ಕೂಸುಗಳಿಗೆ ಈ ಆರೈಕೆಯು ದೊರೆಯುವಂತೆ ಕೆಲಸಮಾಡಿದರು. ಇಲ್ಲಿ ಅಳತೆಯೂ ಕೂಗೂ ಕೇಳುವ ಕಿವಿಯೂ ಮದ್ದೂ ಒಂದೇ ಮಂಚದ ಮೇಲೆ ಇರುತ್ತವೆ. ತಾಯಿಯ ಎದೆಯೇ ಔಷಧ. ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಕಾಣೆನು.

ಇನ್ನು ನಮ್ಮ ಮನೆಯ ಸಂಗತಿಯನ್ನು ಹೇಳುತ್ತೇನೆ. ನನ್ನ ಒಡಹುಟ್ಟಿದ ಅಣ್ಣನವರಿಗೆ ಎಪ್ಪತ್ತು ದಾಟಿದೆ. ಹೃದಯದ ಬಡಿತವು ತಾಳ ತಪ್ಪುವ ಬೇನೆಯಿಂದ ಅವರು ಕೆಲವು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಅವರ ಮಗನು ಬೆಂಗಳೂರಿನಲ್ಲಿ ನೌಕರನು. ತಂದೆಯ ಮೇಲಿನ ಪ್ರೀತಿಯಿಂದ ಒಂದು ತಿಂಗಳ ಸಂಬಳವನ್ನೇ ಸುರಿದು, ನಾಡಿಯನ್ನೆಣಿಸುವ ಕೈಪಟ್ಟಿಯನ್ನು ತಂದು ತೊಡಿಸಿದನು. ನಾಡಿಯು ಮಿತಿಮೀರಿದರೆ ಅವನ ಮೊಬೈಲಿಗೆ ಎಚ್ಚರಿಕೆ ಹೋಗುವಂತೆ ಏರ್ಪಾಡಾಯಿತು. ಅಣ್ಣನವರು ನಕ್ಕು, ‘ಕೊರಳಲ್ಲಿ ಕರಡಿಗೆ, ಕೈಯಲ್ಲಿ ಇದು. ಇನ್ನು ಯಮನಿಗೆ ಹಿಡಿಯಲು ಜಾಗವೆಲ್ಲಿ?’ ಎಂದರು. ಓಣಿಯವರೆಲ್ಲ ಬಂದು ನೋಡಿ ಹೋದರು.

ಮೊದಲ ತಿಂಗಳುಗಳಲ್ಲಿ ಆದದ್ದು ಹೀಗೆ. ಅಣ್ಣನವರು ಎಮ್ಮೆ ಕರೆಯುವಾಗ ಪಟ್ಟಿಯು ಸಡಿಲಾಗಿ ಜಾರುವುದು, ಯಂತ್ರವು ತಪ್ಪೆಣಿಸುವುದು, ಮಗನು ಕಚೇರಿಯಿಂದ ಗಾಬರಿಬಿದ್ದು ಕರೆಮಾಡುವನು. ಪೂಜೆಗೆ ಕೂಡುವಾಗ ಅವರು ಅದನ್ನು ಬಿಚ್ಚಿ ಗೂಟಕ್ಕೆ ಹಾಕಿದರೆ ನಾಡಿಯೇ ಇಲ್ಲವೆಂಬಂತಾಗಿ ಮತ್ತೊಂದು ಕರೆ. ದಿನಕ್ಕೆ ನಾಲ್ಕು ಸಲ ಹೀಗಾಗಲು ಮಗನಿಗೂ ಬೇಸರ, ತಂದೆಗೂ ಬೇಸರ. ಕೊನೆಗೆ ಅವನು ರಾತ್ರಿಯ ಹೊತ್ತು ಆ ಎಚ್ಚರಿಕೆಯ ಸದ್ದನ್ನು ಅಡಗಿಸಿಟ್ಟನು. ಇದರಲ್ಲಿ ಅವನದೇನೂ ದೊಡ್ಡ ತಪ್ಪಿಲ್ಲ. ದೊಡ್ಡ ಆಸ್ಪತ್ರೆಗಳ ದಾದಿಯರೂ ಸುಳ್ಳು ಕೂಗುಗಳನ್ನು ಕೇಳಿ ಕೇಳಿ ನಿಜವಾದ ಕೂಗಿಗೆ ಕಿವುಡಾಗುವುದುಂಟೆಂದು ವೈದ್ಯರು ಹೇಳುತ್ತಾರೆ. ತೋಳ ಬಂತೆಂದು ಕೂಗಿದ ಹುಡುಗನ ಕಥೆಯು ನಮಗೆಲ್ಲ ಗೊತ್ತೇ ಇದೆ.

ಒಂದು ರಾತ್ರಿ ಅಣ್ಣನವರ ನಾಡಿಯು ನಿಜವಾಗಿಯೇ ಓಡತೊಡಗಿತು. ಯಂತ್ರವು ತನ್ನ ಕರ್ತವ್ಯವನ್ನು ತಪ್ಪದೆ ಮಾಡಿತು. ಎರಡು ಗಂಟೆ ಹತ್ತು ನಿಮಿಷಕ್ಕೆ ಸುದ್ದಿಯು ಬೆಂಗಳೂರನ್ನು ಮುಟ್ಟಿತು. ಅಲ್ಲಿ ಮಗನು ನಿದ್ರಿಸುತ್ತಿದ್ದನು. ಇಲ್ಲಿ ಅತ್ತಿಗೆಯವರು ಒಳಕೋಣೆಯಲ್ಲಿ ನಿದ್ರಿಸುತ್ತಿದ್ದರು. ನಸುಕಿನಲ್ಲಿ ಅವರು ಕಸಗುಡಿಸಲು ಎದ್ದು ಬಂದಾಗ ಅಣ್ಣನವರು ಪಡಸಾಲೆಯ ಕಂಬಕ್ಕೊರಗಿ, ಮೈಯೆಲ್ಲ ಬೆವೆತು, ಮಾತು ಹೊರಡದೆ ಕುಳಿತಿದ್ದರು. 108ರ ವಾಹನದಲ್ಲಿ ಆಸ್ಪತ್ರೆಗೆ ಒಯ್ದೆವು. ಶಿವನ ದಯೆಯಿಂದ ಪ್ರಾಣವು ಉಳಿಯಿತು. ಆದರೆ ಅಷ್ಟು ಹೊತ್ತು ತಡವಾದ್ದರಿಂದ ಹೃದಯವು ಮೊದಲಿಗಿಂತ ಸೋತಿತು. ಹೊಲಕ್ಕೆ ನಡೆದು ಹೋಗುತ್ತಿದ್ದವರು ಈಗ ಕಟ್ಟೆಯವರೆಗೆ ಬಂದು ಕೂಡುತ್ತಾರೆ.

ಮಗನು ಊರಿಗೆ ಬಂದವನು ನನ್ನ ಬಳಿಗೆ ಬಂದು, ‘ಕಾಕಾ, ಆ ರಾತ್ರಿ ಬಂದ ಸುದ್ದಿ ನನ್ನ ಮೊಬೈಲಿನಲ್ಲಿ ಹಾಗೆಯೇ ಇದೆ. ಅಳಿಸಲು ಕೈ ಬರುವುದಿಲ್ಲ’ ಎಂದು ಕಣ್ಣೀರಿಟ್ಟನು. ನಾನು ಏನು ಹೇಳಲಿ? ನಾನು ಆ ರಾತ್ರಿ ಅಣ್ಣನವರ ಮನೆಯಿಂದ ಅರ್ಧ ಫರ್ಲಾಂಗು ದೂರದಲ್ಲಿ ಮಠದ ಹಜಾರದಲ್ಲಿ ಮಲಗಿದ್ದೆನು. ಸುದ್ದಿಯು 300 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕ್ಷಣದಲ್ಲಿ ಓಡಿತು. ಆದರೆ ಅರ್ಧ ಫರ್ಲಾಂಗನ್ನು ದಾಟಲಿಲ್ಲ. ಏಕೆಂದರೆ ಆ ಯಂತ್ರದಲ್ಲಿ ನನ್ನ ಹೆಸರನ್ನು ಬರೆಸಬೇಕೆಂದು ಅವನಿಗೂ ತೋಚಲಿಲ್ಲ, ಬರೆಸೆಂದು ಹೇಳಲು ನನಗೂ ತೋಚಲಿಲ್ಲ. ವ್ಯಾಕರಣದ ಸೂತ್ರಗಳನ್ನೆಲ್ಲ ಬಲ್ಲವನು ಒಡಹುಟ್ಟಿದವನ ರಾತ್ರಿಯನ್ನು ಯಂತ್ರಕ್ಕೆ ಒಪ್ಪಿಸಿ ಮಲಗಿದ್ದನು. ಈ ತಪ್ಪನ್ನು ಶ್ರೀ ಸನ್ನಿಧಿಯಲ್ಲಿ ಒಪ್ಪಿಕೊಳ್ಳುತ್ತೇನೆ.

ಆದುದರಿಂದ ಭಕ್ತಮಹಾಶಯರಲ್ಲಿ ನನ್ನ ಅರಿಕೆಯಿಷ್ಟು. ಇಂಥ ಯಂತ್ರವನ್ನು ಕೊಳ್ಳಬೇಡಿರೆಂದು ನಾನು ಹೇಳುವುದಿಲ್ಲ. ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇದು ಕೂಗಿದರೆ ಎಲ್ಲಿ ಕೇಳಿಸುವುದು? ಕೇಳಿದವರು ಎಷ್ಟು ಹೊತ್ತಿನಲ್ಲಿ ರೋಗಿಯ ಮಗ್ಗುಲಿಗೆ ಬರಬಲ್ಲರು? ಬಂದವರು ಏನು ಮಾಡಬೇಕೆಂದು ಅವರಿಗೆ ಗೊತ್ತಿದೆಯೆ? ಈ ಮೂರಕ್ಕೂ ಉತ್ತರವಿದ್ದರೆ ಯಂತ್ರವು ಸಾರ್ಥಕ. ಇಲ್ಲವಾದರೆ ಅದು ದೂರದ ಮಕ್ಕಳ ಮನಸ್ಸಿಗೆ ಸಮಾಧಾನವನ್ನು ಕೊಡುವ ಆಭರಣವಷ್ಟೆ.

ಎರಡನೆಯದಾಗಿ, ಯಂತ್ರವು ತೋರಿಸುವ ಅಂಕಿಯನ್ನೇ ವೇದವಾಕ್ಯವೆಂದು ತಿಳಿಯಬಾರದು. ಕೈ ತಣ್ಣಗಿದ್ದರೂ, ಉಗುರಿಗೆ ಬಣ್ಣವಿದ್ದರೂ, ಪಟ್ಟಿಯು ಸಡಿಲವಾಗಿದ್ದರೂ ಲೆಕ್ಕವು ತಪ್ಪುತ್ತದೆ. ಇನ್ನೊಂದು ಸಂಗತಿಯು ನಮ್ಮಂಥ ಬಿಸಿಲುನಾಡಿನ ಕಪ್ಪುಮೈಯವರು ತಿಳಿದಿರತಕ್ಕದ್ದು. 2020ರ ಡಿಸೆಂಬರಿನಲ್ಲಿ ಅಮೆರಿಕೆಯ ವಿದ್ವಾಂಸರು ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ರಕ್ತದಲ್ಲಿ ಪ್ರಾಣವಾಯು ನಿಜವಾಗಿ ತಗ್ಗಿದ್ದರೂ ಆಕ್ಸಿಮೀಟರು ಸರಿಯಿದೆಯೆಂದು ತೋರಿಸಿದ ಸಂದರ್ಭಗಳು ಬಿಳಿಯರಿಗಿಂತ ಕಪ್ಪುವರ್ಣದವರಲ್ಲಿ ಸುಮಾರು ಮೂರರಷ್ಟು ಕಂಡುಬಂದುವು. ಬೆಳಕಿನಿಂದ ಅಳೆಯುವ ಯಂತ್ರಕ್ಕೆ ತೊಗಲಿನ ಬಣ್ಣವೂ ಅಡ್ಡಬರುವುದು. ಆದಕಾರಣ ಅಂಕಿಯು ಚೆನ್ನಾಗಿದ್ದರೂ ರೋಗಿಯು ಏದುಸಿರು ಬಿಡುತ್ತಿದ್ದರೆ ಅಂಕಿಯನ್ನು ಬಿಟ್ಟು ರೋಗಿಯನ್ನು ನಂಬಿರಿ. ಎಚ್ಚರಿಕೆಯು ಯಾವ ಅಂಕಿಗೆ ಕೂಗಬೇಕೆಂಬುದನ್ನು ಅಂಗಡಿಯವನು ಹೇಳಿದಂತೆ ಬಿಡದೆ, ನೋಡುವ ವೈದ್ಯರನ್ನೇ ಕೇಳಿ ಗೊತ್ತುಮಾಡಿಸಿರಿ. ಸುಳ್ಳು ಕೂಗುಗಳು ಕಡಿಮೆಯಾದರೆ ನಿಜದ ಕೂಗಿಗೆ ಬೆಲೆ ಬರುವುದು.

ಮೂರನೆಯದಾಗಿ, ಒಬ್ಬನ ನಾಡಿಯ ಸುದ್ದಿಯು ಅವನ ಸ್ವಂತ ಸೊತ್ತು. ಹಿಂದೆ ಅದು ವೈದ್ಯನ ಕಿವಿಯಲ್ಲಿ ಉಳಿಯುತ್ತಿತ್ತು. ಈಗ ಅದು ಯಾವುದೋ ಊರಿನ ಗಣಕಯಂತ್ರದಲ್ಲಿ ಸಂಗ್ರಹವಾಗುವುದು. ನಮ್ಮ ದೇಶದಲ್ಲಿ 2023ರಲ್ಲಿ ಇದಕ್ಕಾಗಿ ಕಾಯಿದೆಯೊಂದು ಅಂಗೀಕೃತವಾಗಿ, ವ್ಯಕ್ತಿಯ ಸಮ್ಮತಿಗೆ ಅದರಲ್ಲಿ ಮುಖ್ಯಸ್ಥಾನವು ದೊರೆತಿದೆ. ಮುದುಕರ ಕೈಗೆ ಪಟ್ಟಿಯನ್ನು ಕಟ್ಟುವ ಮಕ್ಕಳು, ಸುದ್ದಿಯು ಯಾರಿಗೆ ಹೋಗುವುದೆಂದು ಆ ಮುದುಕರಿಗೆ ಮೊದಲು ತಿಳಿಸಿ, ಅವರ ಒಪ್ಪಿಗೆಯನ್ನು ಪಡೆಯುವುದು ಧರ್ಮ. ತಂದೆಯಾದರೂ, ತಾಯಿಯಾದರೂ, ಕೇಳದೆ ಕಾಯುವುದು ಕಾವಲಾಗುವುದೇ ಹೊರತು ಆರೈಕೆಯಾಗದು.

ಕೊನೆಯದಾಗಿ ಒಂದು ಕಾರ್ಯವನ್ನು ಸೂಚಿಸುತ್ತೇನೆ. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಬೆಂಗಳೂರಿಗೋ ತೋರಣಗಲ್ಲಿನ ಕಾರ್ಖಾನೆಗೋ ಕಡಲಾಚೆಗೋ ಹೋಗಿ, ಮನೆಯಲ್ಲಿ ಇಬ್ಬರು ಮುದುಕರೇ ಉಳಿದಿರುವ ಮನೆಗಳು ಎಷ್ಟೋ ಇವೆ. ಪ್ರತಿಯೊಂದು ಓಣಿಯಲ್ಲಿಯೂ ಮೂವರು ಗಟ್ಟಿಮುಟ್ಟಾದವರು ಮುಂದೆ ಬಂದು, ರಾತ್ರಿ ಯಾವ ಹೊತ್ತಿನಲ್ಲಿ ಕರೆ ಬಂದರೂ ಏಳುವೆವೆಂದು ಮಾತು ಕೊಡಲಿ. ಅವರ ಸಂಖ್ಯೆಗಳು ದೂರದ ಮಕ್ಕಳ ಬಳಿಯಲ್ಲಿಯೂ ಯಂತ್ರದಲ್ಲಿಯೂ ಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆಯೂ ಇರಲಿ. ವಾಹನವಿದ್ದವರು ಯಾರು, 108ಕ್ಕೆ ಕರೆಮಾಡುವವರು ಯಾರು ಎಂಬುದು ಮೊದಲೇ ಗೊತ್ತಾಗಿರಲಿ. ಇದಕ್ಕೆ ಹಣ ಬೇಡ. ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳಿಗೆ ನಾಡಿಯನ್ನು ಹಿಡಿದು ಒಂದು ನಿಮಿಷ ಎಣಿಸುವುದನ್ನೂ ಉಸಿರನ್ನೆಣಿಸುವುದನ್ನೂ ಕಲಿಸಲು ಶ್ರೀ ಸನ್ನಿಧಿಯವರು ಅಪ್ಪಣೆ ಕೊಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಸುಮ್ಮನೆ ಕುಳಿತ ಪ್ರಾಯದವರ ನಾಡಿಯು ನಿಮಿಷಕ್ಕೆ 60ರಿಂದ 100ರೊಳಗೂ, ಉಸಿರು 12ರಿಂದ 20ರೊಳಗೂ ಇರುವುದು ಸಾಮಾನ್ಯ. ಇಷ್ಟನ್ನು ಕಲಿತ ಹುಡುಗನು ಯಂತ್ರವು ಕೂಗಿದಾಗ ಓಡಿಬಂದು, ಅದು ನಿಜವೋ ಸುಳ್ಳೋ ಎಂಬುದನ್ನು ತನ್ನ ಬೆರಳಿನಿಂದಲೇ ಹೇಳಬಲ್ಲನು. ದಾಸೋಹವೆಂದರೆ ಅನ್ನವನ್ನು ಬಡಿಸುವುದೊಂದೇ ಅಲ್ಲವಷ್ಟೆ! ನಿದ್ದೆಯನ್ನು ಬಿಟ್ಟು ಏಳುವುದೂ ದಾಸೋಹವೇ.

ನಮ್ಮ ಓಣಿಯಲ್ಲಿ ಈ ಏರ್ಪಾಡು ಈಗ ನಡೆದಿದೆ. ಅಣ್ಣನವರ ಯಂತ್ರದಲ್ಲಿ ನನ್ನ ಹೆಸರೂ ಸೇರಿದೆ. ಕಳೆದ ದೀಪಾವಳಿಯ ಮಾರನೆಯ ರಾತ್ರಿ ಅದು ಕೂಗಿತು. ಮೇಲುವಸ್ತ್ರವನ್ನೂ ಹೊದೆಯದೆ ಓಡಿದೆನು. ಅಣ್ಣನವರು ಎಚ್ಚೆತ್ತು, ‘ಮತ್ತೆ ಸುಳ್ಳು ಹೇಳಿತೇನೋ ತಮ್ಮಾ?’ ಎಂದು ನಕ್ಕರು. ಪಟ್ಟಿಯು ಜಾರಿತ್ತು. ಆದರೂ ನಾನು ಅವರ ಮಗ್ಗುಲಲ್ಲಿ ಕುಳಿತು, ಮುಂಗೈಯನ್ನು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆನು. 72 ಬಂದಿತು. ಬೆಂಗಳೂರಿಗೆ ಅಷ್ಟನ್ನೇ ತಿಳಿಸಿ, ಅವರಿಗೆ ನಿದ್ದೆ ಹತ್ತುವವರೆಗೆ ಅಲ್ಲಿಯೇ ಕುಳಿತಿದ್ದೆನು.